ಟೂಸಾನ್‌ನಲ್ಲಿ ಮನೆ ಕೊಳ್ಳುವುದು: ಹಿತ್ತಲಲ್ಲಿ ಒಣಹಳ್ಳ ಇದ್ದರೆ ತೊಂದರೆಯಾ?

ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಿಂದ ಅರಿಜೋನಾ ಯೂನಿವರ್ಸಿಟಿಯ ಲ್ಯಾಬ್ ಒಂದರಲ್ಲಿ ನನಗೆ ಕೆಲಸ. ಸದ್ಯ ಮಿಷಿಗನ್‌ನಲ್ಲಿದ್ದೇವೆ. ನಾನು, ಹೆಂಡತಿ, ಐದು ವರ್ಷದ ಮಗಳು. ಮಾರ್ಚ್‌ನಲ್ಲಿ ನಾಲ್ಕು ದಿನ ಟೂಸಾನ್‌ಗೆ ಬಂದು ಮನೆಗಳನ್ನು ನೋಡಿಕೊಂಡು ಹೋದೆವು. ಹವೆ ಎಷ್ಟು ಹಿತವಾಗಿತ್ತು ಅಂದರೆ, ವಾಪಸ್ ಹೋಗಲು ಮನಸ್ಸೇ ಬರಲಿಲ್ಲ.

ಗ್ರ್ಯಾಂಟ್ ರಸ್ತೆಯಿಂದ ಸ್ವಲ್ಪ ಉತ್ತರಕ್ಕೆ ಒಂದು ಮನೆ ಹಿಡಿಸಿದೆ. 1953ರಲ್ಲಿ ಕಟ್ಟಿದ ಇಟ್ಟಿಗೆ ಮನೆ, ಮೂರು ಬೆಡ್‌ರೂಮ್, ಚಪ್ಪಟೆ ತಾರಸಿ. 3,65,000 ಡಾಲರ್ ಹೇಳುತ್ತಿದ್ದಾರೆ. ಕ್ಯಾಂಪಸ್‌ಗೆ ಸೈಕಲ್‌ನಲ್ಲೇ ಹೋಗಬಹುದು. ಆದರೆ ಎಸಿ ಇಲ್ಲ, ತಾರಸಿ ಮೇಲೆ ಸ್ವಾಂಪ್ ಕೂಲರ್ ಮಾತ್ರ, ಅಂದರೆ ಒದ್ದೆ ಪ್ಯಾಡ್ ಮೂಲಕ ಗಾಳಿ ಎಳೆದು ತಣ್ಣಗೆ ಮಾಡುವ ಯಂತ್ರ. ಹಿತ್ತಲ ಗೋಡೆಯಾಚೆ ಮರಳು ತುಂಬಿದ ಹಳ್ಳ ಇದೆ. ಏಜೆಂಟ್ ಅದಕ್ಕೆ ‘ವಾಶ್’ ಅಂದರು. ವರ್ಷವಿಡೀ ಒಣಗಿಯೇ ಇರುತ್ತದಂತೆ. ಮರುಭೂಮಿಯಲ್ಲಿ ನೀರಿನ ಭಯ ಏಕೆ ಅಂತ ನನಗೂ ಅನ್ನಿಸಿತು. ಅಲ್ಲಿರುವವರು ಏನು ಹೇಳುತ್ತೀರಿ?

ಬಿಸಿಲುಕುದುರೆ:
ಮಾರ್ಚ್‌ನಲ್ಲಿ ಟೂಸಾನ್ ನೋಡುವುದು ಅಂದರೆ ಹೆಣ್ಣು ನೋಡಲು ಬಂದ ದಿನ ಹುಡುಗನ ಸ್ವಭಾವ ನೋಡಿದ ಹಾಗೆ ಸರ್. ಒಂದು ಬೇಸಿಗೆ ಬಾಡಿಗೆಗೆ ಇರಿ. ಕ್ಯಾಂಪಸ್ ಸುತ್ತ ಬಾಡಿಗೆ ಕರಾರುಗಳೆಲ್ಲ ಆಗಸ್ಟ್‌ಗೆ ತಿರುಗುತ್ತವೆ. ಕಾಲೇಜು ಹುಡುಗರು ಬಂದು ಮುಗಿಬೀಳುವ ಮುಂಚೆಯೇ ಹುಡುಕಿಕೊಳ್ಳಿ.

ಸವಾರೋ_ನೆರಳು:
ನಾನು ಟೂಸಾನ್‌ಗೆ ಬಂದು ಹದಿನಾಲ್ಕು ವರ್ಷ, ಸ್ವಂತ ಮನೆಗೆ ಹನ್ನೊಂದು. ನಮ್ಮ ಹಿತ್ತಲಲ್ಲೂ ಒಂದು ವಾಶ್ ಇದೆ, ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ನಿಮ್ಮ ಏಜೆಂಟ್ ಹೇಳಿದ್ದು ಸುಳ್ಳಲ್ಲ. ವರ್ಷದಲ್ಲಿ ನಾಲ್ಕೈದು ಸಂಜೆ ಬಿಟ್ಟರೆ ಅದು ಒಣಗಿಯೇ ಇರುತ್ತದೆ. ಇಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಹತ್ತು ಹನ್ನೊಂದು ಇಂಚು. ಆಗುಂಬೆ ಕಡೆಯವರಿಗೆ ಅದು ಒಂದು ದಿನದ ಲೆಕ್ಕ, ಅಲ್ವಾ? ಆದರೆ ಅದರಲ್ಲಿ ಸುಮಾರು ಅರ್ಧ ಜುಲೈನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನೆಲದಡಿ ‘ಕಲೀಚೆ’ ಅಂತ ಸುಣ್ಣದ ಗಟ್ಟಿ ಪದರ ಬೇರೆ, ನೀರು ಇಂಗುವುದೇ ಇಲ್ಲ. ನಿಂಬೆ ಗಿಡ ನೆಡಲು ಹೋಗಿ ಒಂದೂವರೆ ಅಡಿಗೆ ನಮ್ಮ ಗುದ್ದಲಿ ಕಿಡಿ ಹಾರಿಸಿತು. ಕೊನೆಗೆ ಬಂಡೆ ಒಡೆಯುವ ಮೆಷಿನ್ ಬಾಡಿಗೆಗೆ ತಂದೆವು.

ಮನೆಗೆ ಬಂದ ಮೊದಲ ಜುಲೈ. ಸಂಜೆ ನಾಲ್ಕೂವರೆಗೆ ಟೀ ಇಟ್ಟಿದ್ದೆ. ನಮ್ಮ ತಲೆ ಮೇಲೆ ಒಂದು ಮೋಡವೂ ಇಲ್ಲ, ಆದರೆ ಉತ್ತರಕ್ಕೆ ಕ್ಯಾಟಲೀನಾ ಬೆಟ್ಟ ಕಾಣದಷ್ಟು ಕಪ್ಪಾಗಿತ್ತು. ಹಿತ್ತಲ ಕಡೆ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು. ಹೋಗಿ ನೋಡಿದರೆ ಕೆಂಪು ನೀರು, ಅದರ ಮೇಲೆ ಯಾರದೋ ಬಿಳಿ ಪ್ಲಾಸ್ಟಿಕ್ ಕುರ್ಚಿ ಕಾಲು ಮೇಲೆ ಮಾಡಿಕೊಂಡು ಬರುತ್ತಿದೆ. ಇಪ್ಪತ್ತೇ ನಿಮಿಷದಲ್ಲಿ ನೀರು ನಮ್ಮ ಗೋಡೆಯ ಬುಡ ಮುಟ್ಟಿತು. ಮನೆ ಮೇಲೆ ಮಾತ್ರ ಒಂದು ಹನಿ ಬಿದ್ದಿರಲಿಲ್ಲ! ರಾತ್ರಿ ಊಟದ ಹೊತ್ತಿಗೆ ಬರೀ ಒದ್ದೆ ಮರಳು, ನಡುವೆ ಆ ಕುರ್ಚಿ.

ಹಾಗಂತ ಬಿಡಿ ಅಂತ ಹೇಳುತ್ತಿಲ್ಲ. ಮನೆ ಎತ್ತರದಲ್ಲಿದ್ದರೆ ವಾಶ್ ಒಳ್ಳೆಯ ನೆರೆ: ಹಿಂದುಗಡೆ ಯಾರೂ ಕಟ್ಟುವುದಿಲ್ಲ, ಕಾಡುಹಂದಿಯ ಹಾಗೆ ಕಾಣುವ ಜಾವಲೀನಾಗಳು ಮರಿ ಕಟ್ಟಿಕೊಂಡು ಹೋಗುವುದು ಕಾಣುತ್ತದೆ. ಪೀಮಾ ಕೌಂಟಿಯ ಪ್ರವಾಹ ನಕ್ಷೆಯಲ್ಲಿ ಮನೆ ಎಲ್ಲಿ ಬರುತ್ತದೆ ನೋಡಿ. ಸಾಮಾನ್ಯ ಮನೆ ವಿಮೆಗೆ ಪ್ರವಾಹ ಸೇರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಮಾರುವವರು ಬರೆದುಕೊಡುವ ಮಾಹಿತಿ ಫಾರಂನಲ್ಲಿ ನೀರಿನ ವಿಷಯ ಏನು ಬರೆದಿದ್ದಾರೆ ಓದಿ. ಅದಕ್ಕಿಂತ ಜಾಸ್ತಿ ನಂಬಬೇಕಾದ್ದು ಮೂವತ್ತು ವರ್ಷದಿಂದ ಪಕ್ಕದಲ್ಲಿರುವ ಮುದುಕರನ್ನು. ಇಲ್ಲಿಯ ಮಾಮೂಲಿ ಖರೀದಿ ಕರಾರಿನಲ್ಲಿ ಪರೀಕ್ಷೆಗೆ ಹತ್ತು ದಿನ ಕೊಟ್ಟಿರುತ್ತಾರೆ, ಅಷ್ಟರೊಳಗೆ ಎಲ್ಲ ನೋಡಿ ಮುಗಿಸಬೇಕು. ಹಳೇ ಮನೆಯಾದ್ದರಿಂದ ಒಳಚರಂಡಿ ಪೈಪಿಗೆ ಕ್ಯಾಮೆರಾ ಬಿಡಿಸಿ. ಗೆದ್ದಲಿನ ತಪಾಸಣೆ ಅಂತೂ ತಪ್ಪಿಸಲೇಬೇಡಿ.

ಇನ್ನು ಕೂಲರ್. ಮೇ, ಜೂನ್‌ನಲ್ಲಿ ಅದಕ್ಕೆ ಕೈ ಮುಗಿಯಬೇಕು. ಹೊರಗೆ 105 ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ ಒಳಗೆ ತಣ್ಣಗೆ, ಒದ್ದೆ ಮರದ ಹೊಟ್ಟಿನ ವಾಸನೆ. ಕರೆಂಟೂ ಕಡಿಮೆ. ಮಳೆಗಾಲದ ತೇವ ಬಂತೋ, ಮುಗಿಯಿತು. ನಮ್ಮ ಮೊದಲ ವರ್ಷ ಉಪ್ಪು ಡಬ್ಬಿಯಲ್ಲಿ ಗಟ್ಟಿಯಾಯಿತು, ಬಚ್ಚಲು ಮನೆ ಬಾಗಿಲು ಉಬ್ಬಿ ಹಾಕಲು ಬರಲಿಲ್ಲ, ಹಾಸಿಗೆ ಎಲ್ಲ ತಣ್ಣಗೆ ಅಂಟು. ಎರಡನೇ ಜುಲೈಗೆ ಎಸಿ ಹಾಕಿಸಿದೆವು. ಚಿಕ್ಕ ಮಗು ಇದೆ, ನೀವು ಆ ಖರ್ಚನ್ನು ಈಗಲೇ ಬೆಲೆಯಲ್ಲಿ ಕಳೆಯಿರಿ. ತಾರಸಿಗೆ ಬಿಳಿ ಕೋಟಿಂಗ್ ಯಾವಾಗ ಬಳಿದಿದ್ದಾರೆ ಅಂತಲೂ ಕೇಳಿ.

ಮಗಳ ವಿಷಯ ಬಂದಿದ್ದಕ್ಕೆ ಇನ್ನೊಂದು. ಅಲ್ಟ್ರಾವಯೊಲೆಟ್ ಟಾರ್ಚ್ ತೆಗೆದುಕೊಳ್ಳಿ. ಕತ್ತಲಾದ ಮೇಲೆ ಅದನ್ನು ಹಿತ್ತಲ ಗೋಡೆಗೆ ಬಿಟ್ಟರೆ ಚೇಳುಗಳು ರೇಡಿಯಂ ಗಡಿಯಾರದ ಮುಳ್ಳಿನ ಹಾಗೆ ಹಸಿರಾಗಿ ಹೊಳೆಯುತ್ತವೆ. ಮೊದಲ ರಾತ್ರಿ ಹನ್ನೊಂದು ಎಣಿಸಿದೆ. ಒಣಹುಲ್ಲಿನ ಬಣ್ಣದ ಸಣ್ಣ ಚೇಳು ಕಚ್ಚಿದರೆ ಮಕ್ಕಳಿಗೆ ಅಪಾಯ. ಶೂ ಕೊಡವಿ ಹಾಕುವುದನ್ನು ಅವಳಿಗೆ ಆಟದ ಹಾಗೆ ಕಲಿಸಿ.

ಮೂರನೇ_ಗಲ್ಲಿ:
ಅಕ್ಕ ಹೇಳಿದ್ದೆಲ್ಲ ಸರಿ. ನಾನು ಪಕ್ಕದ ಮನೆ ಬಗ್ಗೆ ಹೇಳುತ್ತೇನೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹೋಗಿ ಆ ಬೀದಿಯಲ್ಲಿ ನಿಲ್ಲಿ. ಒಂದೇ ಮನೆ ಮುಂದೆ ಐದು ಕಾರು, ಅಂಗಳದಲ್ಲಿ ಸೋಫಾ ಇದ್ದರೆ ಅದು ಹುಡುಗರಿಗೆ ಬಾಡಿಗೆ ಕೊಟ್ಟ ಮನೆ. ಗಲಾಟೆ ಮಿತಿಮೀರಿದರೆ ಪೊಲೀಸರು ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಹೋಗುತ್ತಾರೆ, ತಿಂಗಳುಗಟ್ಟಲೆ ಅದನ್ನು ಕೀಳುವಂತಿಲ್ಲ. ನಮ್ಮ ಗಲ್ಲಿಯಲ್ಲಿ ಒಂದು ಮನೆಗೆ ಅದೇ ತೋರಣ!

ಇನ್ನೊಂದು ಮಾತು. ಬಂದ ಮೇಲೆ ಕೆಮ್ಮು, ಸುಸ್ತು ವಾರಗಟ್ಟಲೆ ಹೋಗದಿದ್ದರೆ ‘ವ್ಯಾಲಿ ಫೀವರ್’ ಪರೀಕ್ಷೆ ನೀವೇ ಕೇಳಿ ಮಾಡಿಸಿ. ಇಲ್ಲಿಯ ಮಣ್ಣಿನ ಧೂಳಿನಲ್ಲಿರುವ ಶಿಲೀಂಧ್ರದಿಂದ ಬರುವುದು. ನನಗೆ ಒಂದು ತಿಂಗಳು ಸುಮ್ನೆ ಫ್ಲೂ ಅಂತ ಮಾತ್ರೆ ನುಂಗಿಸಿದರು.

ಮಲೆನಾಡಿಗ:
ಅಕ್ಕ, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಮೇಲೆ ಮಾರ್ಚ್‌ನ ಫೋಟೋ ದೊಡ್ಡದು ಮಾಡಿ ನೋಡಿದೆ. ಹಿತ್ತಲ ಗೋಡೆಯ ಹೊರಬದಿಯಲ್ಲಿ ಕೆಳಗಿನ ಎರಡು ಸಾಲು ಇಟ್ಟಿಗೆ ಬೇರೆ ಬಣ್ಣ ಇದೆ. ನಾನು ಅಂದಕ್ಕೆ ಬಳಿದಿದ್ದು ಅಂದುಕೊಂಡಿದ್ದೆ.

ಸವಾರೋ_ನೆರಳು:
ಮೇಲಿನ ಅಂಚು ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿದೆಯಾ, ನೆಲದ ಏರಿಳಿತದ ಜೊತೆ ಹೋಗಿದೆಯಾ ನೋಡಿ. ನೆಲ ಏರಿದರೂ ಇಳಿದರೂ ಗೆರೆ ನೇರ ಇದ್ದರೆ ಅದು ನೀರು ಬರೆದದ್ದು. ಅಲ್ಲಿಂದ ನಿಮ್ಮ ಹೊಸ್ತಿಲು ಎಷ್ಟು ಮೇಲಿದೆ ಅಂತ ಅಳೆಸಿ.

ಮಲೆನಾಡಿಗ:
ನೇರವಾಗಿದೆ ಅಕ್ಕ. ಏಜೆಂಟ್ ಇವತ್ತು ಟೇಪ್ ಹಿಡಿದು ಹೋಗಿದ್ದರು. ಹೊಸ್ತಿಲು ಗೆರೆಗಿಂತ ಒಂಬತ್ತೇ ಇಂಚು ಮೇಲಂತೆ. ಮನೆ ಬಿಟ್ಟೆವು. ಜೂನ್‌ನಿಂದ ಬಾಡಿಗೆ ಮನೆ ಹುಡುಕುತ್ತೇವೆ, ಸ್ಟ್ರೀಟ್‌ಕಾರ್ ದಾರಿಯಲ್ಲಿ ಯಾವುದಾದರೂ ಖಾಲಿ ಇದ್ದರೆ ತಿಳಿಸಿ. ಎಸಿ ಇರಲಿ.