ಒಂದೂ ಸುಳ್ಳು ಹೇಳದೆ ಮೋಸ ಮಾಡಬಹುದಾ?

ಕುತೂಹಲಿ:
ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡೆ. "ಯಾವತ್ತಾದರೂ ಆಕ್ಸಿಡೆಂಟ್ ಆಗಿತ್ತಾ?" ಎಂದು ಮಾರುವವರನ್ನು ಕೇಳಿದ್ದೆ. "ನನ್ನ ಕೈಗೆ ಬಂದ ಮೇಲೆ ಒಂದು ಗೀರೂ ಬಿದ್ದಿಲ್ಲ" ಎಂದರು. ಆಮೇಲೆ ಮೆಕ್ಯಾನಿಕ್ ಬಿಚ್ಚಿ ನೋಡಿದ. ಮುಂದಿನ ಫೋರ್ಕ್ ಬೆಂಡ್ ತೆಗೆಸಿದ್ದಾರೆ, ಚಾಸಿಸ್‌ಗೆ ವೆಲ್ಡಿಂಗ್ ಹಾಕಿಸಿದ್ದಾರೆ ಎಂದ. ಗಾಡಿ ಬಿದ್ದದ್ದು ಮೊದಲಿನ ಓನರ್ ಹತ್ತಿರ ಇದ್ದಾಗ. ಅದು ಇವರಿಗೂ ಗೊತ್ತಿತ್ತು. ಫೋನ್ ಮಾಡಿದರೆ, "ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು, ತೋರಿಸಿ" ಅನ್ನುತ್ತಾರೆ. ತೋರಿಸಲು ಆಗುತ್ತಿಲ್ಲ! ದುಡ್ಡಿನ ವಿಷಯ ಬಿಡಿ. ಮಾತೆಲ್ಲ ನಿಜವೇ ಆಗಿದ್ದರೆ ಅದನ್ನು ಮೋಸ ಅನ್ನಬಹುದಾ?

ನೇರಮಾತು:
ವ್ಯಾಪಾರ ಸ್ವಾಮಿ ಅದು. ಹಿಂದಿನ ಓನರ್ ಬಗ್ಗೆ ನೀವೇ ಕೇಳಬೇಕಿತ್ತು. ಕೇಳದ್ದನ್ನು ಅವರು ಹೇಳಲಿಲ್ಲ, ಅಷ್ಟೇ.

ಹಳೇ ಮೇಷ್ಟ್ರು:
"ಯಾವತ್ತಾದರೂ" ಎಂದು ಕೇಳಿದ್ದಾರಲ್ಲ? ಆತ ಸುಮ್ಮನಿದ್ದಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಅವನು ಉತ್ತರದ ಹಾಗೆ ಕಾಣುವ ಒಂದು ಮಾತು ಕೊಟ್ಟು, ಮುಂದಿನ ಪ್ರಶ್ನೆಯೇ ಹುಟ್ಟದ ಹಾಗೆ ನೋಡಿಕೊಂಡ. ಮೋಸವನ್ನು ಅವನ ವಾಕ್ಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೇಳಿದವರು ಏನು ನಂಬಿ ಎದ್ದುಹೋದರು, ಹಾಗೆ ನಂಬಲಿ ಅಂತಲೇ ಇವನು ಹೇಳಿದನಾ ಎಂದು ನೋಡಬೇಕು.

ಅಶ್ವತ್ಥಾಮನೆಂಬ ಆನೆ ಸತ್ತದ್ದೂ ನಿಜವೇ ಅಲ್ವಾ? ಮಗ ಸತ್ತನಾ ಎಂದು ದ್ರೋಣ ಧರ್ಮರಾಯನನ್ನೇ ಕೇಳಿದ, ಅವನು ಸುಳ್ಳಾಡುವವನಲ್ಲ ಅಂತ. ಆ ಒಳ್ಳೆ ಹೆಸರೇ ಅಲ್ಲಿ ಆಯುಧವಾಯಿತು. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಕೆಳಗಿಳಿಯಿತು. ಕಥೆ ಕಟ್ಟಿದವರು ಆ ನಿಜಕ್ಕೆ ಮಾರ್ಕ್ಸ್ ಕೊಡಲಿಲ್ಲ.

ನಿಮ್ಮ ಮಾರಾಟಗಾರನ ಪರ ನಿಲ್ಲಲು ಒಬ್ಬ ದೊಡ್ಡ ವಕೀಲ ಇದ್ದಾನೆ, ಜರ್ಮನಿಯ ತತ್ವಜ್ಞಾನಿ ಕಾಂಟ್. ಕೊಲೆಗಾರ ಬಾಗಿಲಿಗೆ ಬಂದು ನಿಮ್ಮ ಗೆಳೆಯ ಒಳಗಿದ್ದಾನಾ ಎಂದರೂ ಸುಳ್ಳು ಹೇಳಬಾರದು ಎಂದು 1797ರಲ್ಲಿ ಬರೆದವನು. ಅದೇ ಕಾಂಟ್ ಪಾಠ ಮಾಡುವಾಗ, ಪ್ರಯಾಣ ಹೊರಟಿದ್ದೇನೆ ಅಂತ ಜನ ತಿಳಿಯಲಿ ಎಂದು ಸುಮ್ನೆ ಗಂಟುಮೂಟೆ ಕಟ್ಟಿದರೆ ಅದು ಸುಳ್ಳಲ್ಲ ಎಂದಿದ್ದಾನೆ. ನನ್ನ ಮನಸ್ಸಿನಲ್ಲಿರುವುದನ್ನು ಹೇಳು ಎನ್ನುವ ಹಕ್ಕು ನೋಡುವವರಿಗೆ ಇಲ್ಲ ಎಂಬುದು ವಾದ. ಇರಲಿ. ಆದರೆ ದುಡ್ಡು ಕೊಟ್ಟು ಗಾಡಿ ಕೊಳ್ಳುವವರಿಗೆ ಕೇಳುವ ಹಕ್ಕು ಇದೆಯಲ್ಲ!

ಕೀಟಪ್ರೇಮಿ:
ಉದ್ದೇಶ ಇದ್ದರೆ ಮಾತ್ರ ಮೋಸ ಅಂದರೆ ನನ್ನ ಹುಳಗಳನ್ನು ಏನು ಮಾಡಲಿ ಮೇಷ್ಟ್ರೇ? ಅಮೆರಿಕದಲ್ಲಿ ಫೋಟೂರಿಸ್ ಎಂಬ ಮಿಂಚುಹುಳ ಇದೆ. ಅದರ ಹೆಣ್ಣು ಬೇರೆ ಜಾತಿಯ ಹೆಣ್ಣಿನ ಹಾಗೆ ಮಿನುಗುತ್ತದೆ. ಆಸೆಯಿಂದ ಬಂದ ಗಂಡನ್ನು ಹಿಡಿದು ತಿನ್ನುತ್ತದೆ. ಕೀಟವಿಜ್ಞಾನಿ ಜೇಮ್ಸ್ ಲಾಯ್ಡ್ 1965ರಲ್ಲೇ ಇದನ್ನು ಬರೆದಿದ್ದಾರೆ. ಹುಳಕ್ಕೆ ಉದ್ದೇಶ ಎಲ್ಲಿಂದ ಬರಬೇಕು?

ಹಳೇ ಮೇಷ್ಟ್ರು:
ಒಳ್ಳೆ ಏಟು ಕೊಟ್ಟಿರಿ. ಅದನ್ನೂ ಮೋಸ ಅನ್ನೋಣ, ಅಡ್ಡಿಯಿಲ್ಲ. ಆದರೆ ಹುಳವನ್ನು ಬೈಯಲು ಬರುವುದಿಲ್ಲ. ಬೇರೆ ರೀತಿ ಮಿನುಗೋಣ ಎಂದು ಅದು ಯೋಚಿಸಲಾರದು. ಮಾರಿದವನು "ಹೌದು, ಮೊದಲೊಮ್ಮೆ ಬಿದ್ದಿತ್ತು" ಎನ್ನಬಹುದಿತ್ತು.

ನೇರಮಾತು:
ಮುಖ ನೋಡಿದರೇ ಗೊತ್ತಾಗುತ್ತಿತ್ತು ಬಿಡಿ. ಮೋಸ ಮಾಡುವವರು ಕಣ್ಣು ತಪ್ಪಿಸುತ್ತಾರೆ.

ಹಳೇ ಮೇಷ್ಟ್ರು:
ಆ ನಂಬಿಕೆ ಜಾಸ್ತಿ ಜನಕ್ಕಿದೆ. ಬಾಂಡ್ ಮತ್ತು ಡಿಪಾಲೋ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಸುಳ್ಳು ಪತ್ತೆಹಚ್ಚುವ ಬಗ್ಗೆ ನಡೆದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2006ರಲ್ಲಿ ಲೆಕ್ಕ ತೆಗೆದರು. ಅವುಗಳಲ್ಲಿ ಭಾಗವಹಿಸಿದ್ದವರು 20,000ಕ್ಕೂ ಹೆಚ್ಚು ಜನ. ಸುಳ್ಳು ಯಾವುದು, ನಿಜ ಯಾವುದು ಎಂದು ಅವರು ಸರಿಯಾಗಿ ಹೇಳಿದ್ದು 100ಕ್ಕೆ ಸುಮಾರು 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ! ಇವನಂತೂ ನಿಜವನ್ನೇ ಹೇಳುತ್ತಿದ್ದ. ಕಣ್ಣು ಯಾಕೆ ತಪ್ಪಿಸಬೇಕು?

ಕುತೂಹಲಿ:
ಈಗ ಬೇರೆ ತಲೆಬಿಸಿ ಶುರುವಾಯಿತು. ನಾಳೆ ಇದನ್ನು ನಾನು ಮಾರುವಾಗ ಕೊಳ್ಳುವವರು ಏನೂ ಕೇಳದಿದ್ದರೆ?

ನೇರಮಾತು:
ವೆಲ್ಡಿಂಗ್ ಮೇಲೆ ಹೊಸ ಪೇಂಟ್ ಹೊಡೆಸಬೇಡಿ. ರೇಟ್ ಮಾತಾಡುವ ಮೊದಲೇ ತೋರಿಸಿಬಿಡಿ. ನಾನಾದರೆ ಚೌಕಾಸಿ ಮಾಡಿ ತಗೊಳ್ಳುತ್ತೇನೆ.