‘ಟಿಸಿ’ ಅಂದ್ರೆ ಯಾವ ಟಿಸಿ? ಸಹಾಯ ಕೇಂದ್ರದ ಹಾಳೆಗೆ ಅರ್ಥಗಳು ಬೇಕು

ಭೀಮಾತೀರ:
ಅಫಜಲಪುರ ತಾಲೂಕಿನ ಒಂದು ಪಂಚಾಯಿತಿಯ ಸಹಾಯ ಕೇಂದ್ರಕ್ಕೆ ಹಾಳೆಯೊಂದನ್ನು ಬರೆಯುತ್ತಿದ್ದೇವೆ. ಜನ ಫೋನ್ ಹಚ್ಚಿ “ಟಿಸಿದ್ದು ಕೆಲಸ ಇತ್ರೀ” ಅಂತಾರ, ಅಷ್ಟೇ. ಕೂತ ಹುಡುಗರು ಜೆಸ್ಕಾಂ (ಕರೆಂಟ್ ಕಂಪನಿ) ನಂಬರ್ ಕೊಟ್ಟು ಕಳಿಸ್ತಾರ, ಅವರಿಗೆ ಬೇಕಾಗಿದ್ದು ಮಗಳ ಸಾಲಿ ಕಾಗದ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಈ ಎರಡಕ್ಷರಕ್ಕೆ ಎಷ್ಟು ಅರ್ಥ ಓಡಾಡ್ತಾವ? ಯಾವ ಅರ್ಥ ಅಂತ ಗುರುತಿಸೋದು ಹೆಂಗ, ಗುರುತಿಸಿದ ಮ್ಯಾಲ ಏನೇನು ಕೇಳಬೇಕು? ಆಯಾ ಕೆಲಸ ಬಲ್ಲವರು ಬರೀರಿ.

ಹನ್ನೊಂದು ಕೆವಿ:
ಹೊಲದ ಕಡೆಯಿಂದ ಬಂದ ಫೋನಾದರೆ ಮೊದಲು ಟ್ರಾನ್ಸ್‌ಫಾರ್ಮರ್ ಅಂತಲೇ ಹಿಡೀರಿ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್ ಸೆಂಟರ್. 11 ಕೆವಿ ಲೈನನ್ನು 433 ವೋಲ್ಟಿಗೆ ಇಳಿಸುವ, ಕಂಬದ ಮೇಲಿನ ಡಬ್ಬಿ.

“ಟಿಸಿ ಹೋಗ್ಯಾದ” ಅಂದ ಕೂಡಲೇ ಸುಟ್ಟಿದೆ ಅಂತ ಬರೆದುಕೊಳ್ಳಬೇಡಿ. ಬಹಳ ಸಲ ಹೋಗಿರೋದು ಫ್ಯೂಸ್ ಮಾತ್ರ. ಒಂದೇ ಪ್ರಶ್ನೆ ಕೇಳಿ: ಮೂರೂ ಫೇಸಿನಲ್ಲಿ ದೀಪ ಹೇಗಿದೆ? ಎರಡು ಫೇಸ್ ಸರಿಯಿದ್ದು ಒಂದು ಪೂರಾ ಸತ್ತಿದ್ದರೆ ಕೆಳಗಿನ ಎಲ್‌ಟಿ (433 ವೋಲ್ಟಿನ ಬದಿಯ) ಫ್ಯೂಸ್ ಹೋಗಿದೆ. ಒಂದು ಫೇಸ್ ಸರಿಯಿದ್ದು ಉಳಿದೆರಡು ಮಂದವಾಗಿ ಉರಿಯುತ್ತಿದ್ದರೆ ಮೇಲಿನ ಡಿಒ (11 ಕೆವಿ ಬದಿಯ, ಹೋದಾಗ ಜೋತುಬೀಳುವ) ಫ್ಯೂಸ್ ಒಂದು ಬಿದ್ದಿದೆ. ಮೇಲಿನ ಸುರುಳಿಗಳು ಡೆಲ್ಟಾದಲ್ಲಿ ಇರೋದರಿಂದ ಒಂದು ಲೈನ್ ತಪ್ಪಿದರೆ ಎರಡು ಸುರುಳಿಗಳು ವೋಲ್ಟೇಜನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಇಂಥ ಹೊತ್ತಲ್ಲಿ ಮೋಟಾರ್ ಹಾಕಿದರೆ ಗುಂಯ್ ಅಂತ ನಿಂತಲ್ಲೇ ಕಾಯಿಲ್ ಸುಡುತ್ತದೆ. ಸ್ಟಾರ್ಟರ್ ಆಫ್ ಮಾಡಿಡಲು ಮೊದಲು ಹೇಳಿ, ವಿವರ ಆಮೇಲೆ ಬರೆದುಕೊಳ್ಳಿ.

ಕೆಲವು ಮನೆಯಲ್ಲಿ ಬಲ್ಬ್ ಒಡೆದು, ಪಕ್ಕದ ಮನೆಯಲ್ಲಿ ಮಂದವಾಗಿದ್ದರೆ ನ್ಯೂಟ್ರಲ್ ಕಡಿದಿದೆ ಅಂತ ಅರ್ಥ. ಅದು ತುರ್ತು. ಮೇನ್ ಸ್ವಿಚ್ ಇಳಿಸಲು ಹೇಳಿ.

ನಿಜಕ್ಕೂ ಸುಡೋದು ಯಾಕೆ ಅಂದರೆ ಹೆಚ್ಚಿನ ಸಲ ಹೊರೆಯಿಂದ. 25 ಕೆವಿಎ (ಡಬ್ಬಿಯ ಸಾಮರ್ಥ್ಯದ ಅಳತೆ) ಟಿಸಿಯ ಪೂರ್ಣ ಕರೆಂಟ್ ಫೇಸಿಗೆ 33 ಆಂಪಿಯರ್, 63ಕ್ಕೆ 84, 100ಕ್ಕೆ 133. 5 ಎಚ್‌ಪಿ ಪಂಪ್ ಸುಮಾರು 8 ಆಂಪಿಯರ್ ಎಳೆಯುತ್ತದೆ. ಅಂದರೆ 25ರ ಮೇಲೆ ನಾಲ್ಕು, 63ರ ಮೇಲೆ ಹತ್ತು, ಅಲ್ಲಿಗೆ ಮುಗೀತು. ಅದರ ಮೇಲೆ ಅನಧಿಕೃತ ಪಂಪ್ ಕೂಡಿಸಿ, ಪದೇಪದೇ ಹೋಗುವ ಫ್ಯೂಸಿಗೆ ದಪ್ಪ ತಂತಿ ಸುತ್ತಿದರೆ ಕಾಯುವವರೇ ಇಲ್ಲದಂತಾಗಿ ಸುರುಳಿ ಸುಡುತ್ತದೆ. ಆಟೋ ಸ್ಟಾರ್ಟರ್‌ಗಳದ್ದು ಇನ್ನೊಂದು ಕಾಟ. ಮೂರು ಫೇಸ್ ಬಂದ ಗಳಿಗೆಗೆ ಎಲ್ಲಾ ಮೋಟಾರ್ ಒಟ್ಟಿಗೆ ಎದ್ದರೆ ಹೊರೆ ಒಮ್ಮೆಗೇ ಐದಾರು ಪಟ್ಟು ಏರುತ್ತದೆ. ಟೈಮರ್ ಇದ್ದ ಸ್ಟಾರ್ಟರ್ ಆದರೆ ಒಬ್ಬೊಬ್ಬರು ಒಂದೊಂದು ನಿಮಿಷ ಹಿಂದೆಮುಂದೆ ಇಡಲಿ, ಖರ್ಚಿಲ್ಲದ ಪರಿಹಾರ. ಕರಿ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅರ್ಥಿಂಗ್ ಒಣಗಿ ಸಿಡಿಲಿಗೂ ತಡೆಯಿಲ್ಲದಾಗುತ್ತದೆ. ಟಿಸಿಗೆ ಗಾಳಿ ಒಣಗಿಸಿ ಬಿಡುವ ಉಸಿರು ಡಬ್ಬಿಯ (ಬ್ರೀದರ್) ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಎಣ್ಣೆಗೆ ತೇವ ಇಳಿಯುತ್ತಿದೆ ಅಂತ ಶಾಖಾಧಿಕಾರಿಗೆ ತಿಳಿಸಿ.

ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಹೇಳುವಾಗ ಕಂಬದ ಮೇಲೆ ಬರೆದ ಟಿಸಿ ಸಂಖ್ಯೆ, ಎಷ್ಟು ಕೆವಿಎ, ಫೀಡರ್ (ಆ ಕಡೆಗೆ ಬರುವ 11 ಕೆವಿ ಲೈನ್) ಹೆಸರು, ಒಬ್ಬ ಗ್ರಾಹಕರ ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಇರಲಿ. ದೂರಿನ ಸಂಖ್ಯೆ ತಪ್ಪದೆ ಪಡೀರಿ. ಸುಟ್ಟ ಟಿಸಿ ಬದಲಿಸಲು ಇರುವ ಅವಧಿ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72. ಲೆಕ್ಕ ಶುರುವಾಗೋದು ದೂರು ದಾಖಲಾದ ಮೇಲೆ. ಯಾರೂ ತಾವೇ ಕಂಬ ಹತ್ತಬಾರದು, ಡಿಒ ಫ್ಯೂಸಿಗೆ ಕೋಲು ಹಾಕಬಾರದು. ಇದನ್ನು ಹಾಳೆಯ ಮೇಲ್ಗಡೆ ದಪ್ಪಗೆ ಬರೀರಿ.

ಸಾಲಿ ಗಂಟೆ:
ಸಾಲಿ ಟಿಸಿ ಅಂದರೆ ವರ್ಗಾವಣೆ ಪ್ರಮಾಣಪತ್ರ. ಜೂನ್ ತಿಂಗಳ ಫೋನ್ ಬಹುತೇಕ ಇದೇ. ಮೂರು ವಿಚಾರ ಹುಡುಗರಿಗೆ ಗೊತ್ತಿರಲಿ.

ಎಂಟನೇ ತರಗತಿವರೆಗೆ ಟಿಸಿ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ, ತಡಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಇದನ್ನೇ ಹೇಳುತ್ತದೆ. ಹಳೆ ಶಾಲೆಯ ಮುಖ್ಯಸ್ಥರು ಟಿಸಿಯನ್ನು ಕೂಡಲೇ ಕೊಡಬೇಕು ಅಂತಲೂ ಅದರಲ್ಲೇ ಇದೆ. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿ ಬರುವ ಮನೆಗಳ ಮಕ್ಕಳಿಗೆ ಇದರಷ್ಟು ಉಪಯೋಗದ ಸಾಲು ಬೇರೆ ಇಲ್ಲ. ಮಗುವನ್ನು ಮೊದಲು ತರಗತಿಯಲ್ಲಿ ಕೂರಿಸಲಿ, ಕಾಗದ ಆಮೇಲೆ ಬರಲಿ.

ಎರಡನೇದು, ಕಾಗದ ಕೈಗೆ ಬಂದರೆ ಸಾಲದು. ಸ್ಯಾಟ್ಸ್ ಅನ್ನುವ, ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ತಂತ್ರಾಂಶದಲ್ಲಿ ಹಳೆ ಶಾಲೆಯವರು ವಿದ್ಯಾರ್ಥಿಯನ್ನು ಬಿಡುಗಡೆ ಮಾಡದಿದ್ದರೆ ಮಗು ಅಲ್ಲೇ ಓದುತ್ತಿರುವಂತೆ ಕಾಣುತ್ತದೆ. ಸ್ಯಾಟ್ಸ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಹೆಸರು, ಜನ್ಮದಿನಾಂಕ ಆಧಾರ್ ಜತೆ ಹೊಂದುತ್ತಾ ಅಂತ ಟಿಸಿ ಪಡೆಯುವ ಮೊದಲೇ ನೋಡಿಕೊಳ್ಳಲಿ. ಹತ್ತನೇ ತರಗತಿ ದಾಟಿದ ಮೇಲೆ ತಿದ್ದುಪಡಿ ಬಹಳ ಕಷ್ಟ.

ಮೂರನೇದು ನಮ್ಮ ಭಾಗದ್ದೇ. 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗೆ ಟಿಸಿ ತೋರಿಸಿದರೆ ನಡೆಯುತ್ತದೆ ಅಂದುಕೊಂಡವರಿದ್ದಾರೆ. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪತ್ರ ಬೇಕು. ವ್ಯಾಸಂಗ ಪ್ರಮಾಣಪತ್ರ ಬೇರೆ, ಟಿಸಿ ಬೇರೆ.

ಮಹಾರಾಷ್ಟ್ರದಿಂದ ಬಂದವರು ಸಾಲಿ ಟಿಸಿಯನ್ನೇ “ಎಲ್‌ಸಿ” (ಲೀವಿಂಗ್ ಸರ್ಟಿಫಿಕೇಟ್) ಅಂತಾರೆ. ಲೈನ್‌ಮನ್‌ಗಳ ಬಾಯಲ್ಲಿ ಎಲ್‌ಸಿ ಅಂದರೆ ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆಸುವ ಅನುಮತಿ. ಅಫಜಲಪುರ ಗಡಿಯಲ್ಲಿ ಎರಡೂ ಕೇಳಬರುತ್ತವೆ.

ನೆತ್ತರ ನಳಿಗೆ:
ರಕ್ತ ಪರೀಕ್ಷೆಯ ಚೀಟಿಯಲ್ಲಿ ಟಿಸಿಗೆ ಎರಡು ಅರ್ಥ, ಅಂಕಿ ನೋಡಿದರೆ ಗೊತ್ತಾಗುತ್ತದೆ. ಸಾವಿರಗಳಲ್ಲಿದ್ದರೆ ಬಿಳಿ ರಕ್ತಕಣಗಳ ಒಟ್ಟು ಎಣಿಕೆ. ದೊಡ್ಡವರಲ್ಲಿ ಮೈಕ್ರೋಲೀಟರಿಗೆ 4,000ದಿಂದ 11,000 ಸಾಮಾನ್ಯ. ನೂರುಗಳಲ್ಲಿದ್ದು ಪಕ್ಕದಲ್ಲಿ ಎಚ್‌ಡಿಎಲ್, ಎಲ್‌ಡಿಎಲ್ ಇದ್ದರೆ ಒಟ್ಟು ಕೊಲೆಸ್ಟ್ರಾಲ್, ಡೆಸಿಲೀಟರಿಗೆ 200 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಡೆಂಗಿಯಲ್ಲಿ ಮೊದಲನೇ ಟಿಸಿ ಇಳಿಯುತ್ತದೆ, ಪ್ಲೇಟ್‌ಲೆಟ್ ಅದರಲ್ಲಿ ಸೇರಿಲ್ಲ. “ಟಿಸಿ ಸರಿ ಇದೆ, ಪ್ಲೇಟ್‌ಲೆಟ್ಟೂ ಸರಿ ಇರಬೇಕು” ಅಂತ ಯಾರಿಗೂ ಹೇಳಬೇಡಿ. “ಟಿಸಿ ಡಿಸಿ” ಅಂದಾಗಿನ ಡಿಸಿ ಜಿಲ್ಲಾಧಿಕಾರಿಯಲ್ಲ, ಬಿಳಿಕಣಗಳನ್ನು ಬಗೆವಾರು ಎಣಿಸಿದ ಲೆಕ್ಕ.

ವಾಡಿ ಜಂಕ್ಷನ್:
ರೈಲಿನ ಟಿಸಿ, ಟಿಕೆಟ್ ಕಲೆಕ್ಟರ್. ಗಾಡಿಯೊಳಗೆ ಟಿಕೆಟ್ ನೋಡಲು ಬರುವವರು ಟಿಟಿಇ, ಜನ ಇಬ್ಬರಿಗೂ ಟಿಸಿ ಅಂತಾರೆ. ಟಿಕೆಟ್ ಇಲ್ಲದಿದ್ದರೆ ಪ್ರಯಾಣದರದ ಜತೆಗೆ ಅಷ್ಟೇ ದಂಡ, ಅಥವಾ ಕನಿಷ್ಠ ₹250. ರಸೀದಿ ಕೇಳಿ ಪಡೆಯಬೇಕು. ದೂರಿಗೆ 139. ಲಿಖಿತ ದೂರಾದರೆ ವಿಭಾಗ ತಪ್ಪಬಾರದು: ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗ, ಬೀದರ್ ಸಿಕಂದರಾಬಾದ್.

ಕಿಲ್ನ್ ಕಾವಲು:
ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಟಿಸಿ ಅಂದರೆ ಥರ್ಮೋಕಪಲ್, ಶಾಖ ಅಳೆಯುವ ಸಂವೇದಕ. ಕೆ ಬಗೆಯದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಹೊಸ ಐಟಿಐ ಹುಡುಗರು ತಪ್ಪುವುದು ಕೇಬಲಿನಲ್ಲಿ. ನಡುವೆ ಸಾದಾ ತಾಮ್ರದ ತಂತಿ ಹಾಕಿದರೆ ಜೋಡಣೆಯ ಜಾಗಕ್ಕೂ ಮೀಟರಿನ ಜಾಗಕ್ಕೂ ಇರುವ ಬಿಸಿಯ ವ್ಯತ್ಯಾಸದಷ್ಟು ರೀಡಿಂಗ್ ತಪ್ಪುತ್ತದೆ. ಅಮೆರಿಕನ್ ಬಣ್ಣಪದ್ಧತಿಯಲ್ಲಿ ಕೆಂಪು ಋಣ, ಹಳದಿ ಧನ. ಕೆಂಪನ್ನು ಧನ ಅಂತ ತಿಳಿದು ಹಾಕಿದರೆ ಬಿಸಿ ಏರಿದಂತೆ ಅಂಕಿ ಇಳಿಯುತ್ತದೆ. ಸಹಾಯ ಕೇಂದ್ರಕ್ಕೆ ಈ ಫೋನ್ ಬರಲಿಕ್ಕಿಲ್ಲ, ಆದರೂ ಅರ್ಥ ದಾಖಲಾಗಿರಲಿ.

ಹನ್ನೊಂದು ಕೆವಿ:
@ಭೀಮಾತೀರ, ಗುರುತಿಸೋದಕ್ಕೆ ಟಿಸಿ ಮುಂದಿನ ಮಾತನ್ನು ಕೇಳಿಸಿಕೊಳ್ಳಿ. “ಟಿಸಿ ಸುಟ್ಟದ” ಕರೆಂಟಿನದು, “ಟಿಸಿ ಕೊಡವಲ್ರು” ಸಾಲಿದು, “ಟಿಸಿ ಬಂದಾನ” ರೈಲಿನವ, “ಟಿಸಿ ಏರ್ಯದ” ರಕ್ತದ್ದು. ಸಿಕ್ಕಿಹಾಕಿಕೊಳ್ಳೋದು “ಟಿಸಿ ಇನ್ನಾ ಬಂದಿಲ್ಲ” ಅಂದಾಗ. ಆವಾಗ “ಕಂಬದ್ದೋ, ಸಾಲಿದೋ?” ಅಂತ ಬಾಯಿಬಿಟ್ಟೇ ಕೇಳಬೇಕು.

ಬಾಳೆ ದಿಂಡು:
ಒಂದು ಬಿಟ್ಟಿರಿ. “ಟಿಸಿ ಹಚ್ಚೀವಿ” ಅಂದರೆ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಬಾಳೆ, ಹೆಚ್ಚಾಗಿ ಜಿ-9 ತಳಿ. 6×6 ಅಡಿಗೆ ಎಕರೆಗೆ 1,210 ಸಸಿ. ಈ ಫೋನ್ ತೋಟಗಾರಿಕೆ ಇಲಾಖೆಗೆ ಹೋಗಬೇಕು.