ಸಹಾಯ ಬೇಕು: ಕಿಲಿಮಂಜಾರೋಗೆ ಮಚಾಮೆ ದಾರಿನಾ, ಲೆಮೋಶೋನಾ?

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಾನು, ನನ್ನ ತಮ್ಮ ಟಾಂಜಾನಿಯಾಗೆ ಹೋಗಿ ಕಿಲಿಮಂಜಾರೋ ಹತ್ತಬೇಕು ಅಂತಿದ್ದೇವೆ. ಗೈಡ್ ಇಲ್ಲದೆ ಬಿಡುವುದಿಲ್ಲ, ಅದು ಗೊತ್ತು. ಗೊಂದಲ ಇರುವುದು ದಾರಿಯದು. ಮಚಾಮೆಯಲ್ಲಿ 6 ದಿನಕ್ಕೆ ಹೇಳಿದ್ದಾರೆ, ಲೆಮೋಶೋಗೆ 8 ದಿನ, ದುಡ್ಡೂ ಜಾಸ್ತಿ. ಎರಡರಲ್ಲೂ ಲಾವಾ ಟವರ್ ತನಕ, ಅಂದರೆ ಸುಮಾರು 4,600 ಮೀಟರ್ ಹತ್ತಿಸಿ, ಮಲಗಲು ಮತ್ತೆ ಕೆಳಗೆ ಬರಾಂಕೋ ಕ್ಯಾಂಪಿಗೆ ಇಳಿಸುತ್ತಾರಂತೆ, ಮೈ ಎತ್ತರಕ್ಕೆ ಒಗ್ಗಲಿ ಅಂತ. ಹಾಗಿದ್ದರೆ ಇನ್ನೆರಡು ದಿನದಿಂದ ನಿಜವಾಗಿ ವ್ಯತ್ಯಾಸ ಆಗುತ್ತದಾ?

ನಾನು ಇದುವರೆಗೆ ಹತ್ತಿದ್ದು ಕುಮಾರಪರ್ವತ, 1,712 ಮೀಟರ್. ಇದು 5,895! ಕಾಲಿನ ಬಗ್ಗೆ ಧೈರ್ಯ ಇದೆ, ತಲೆನೋವು ವಾಂತಿಯದೇ ಭಯ. ಎತ್ತರದಲ್ಲಿ ಆಗುವ ಈ ತೊಂದರೆ ತಡೆಯಲು ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳುತ್ತೇನೆ, ಆದರೂ ತೆಗೆದುಕೊಂಡವರ ಅನುಭವ ಬೇಕು.

ಕೊನೆಯ ಕ್ಯಾಂಪ್ ಬರಾಫುನಿಂದ ನಡುರಾತ್ರಿ ಹೊರಡುವಾಗ ಬಾಟಲಿ ನೀರು ಹೆಪ್ಪುಗಟ್ಟದಂತೆ ಏನು ಮಾಡಿದಿರಿ? ಪೋರ್ಟರ್‌ಗಳಿಗೆ ಟಿಪ್ಸ್ ಎಷ್ಟು ಕೊಟ್ಟಿರಿ? ನಮ್ಮ ಸಾಮಾನು ಹೊರುವವರು ಅವರೇ, ಅಲ್ಲಿ ಕಂಜೂಸುತನ ಮಾಡುವ ಮನಸ್ಸಿಲ್ಲ.

ಹಾಂ, ನನ್ನ ತಮ್ಮ ಮೊಟ್ಟೆಯೂ ತಿನ್ನುವುದಿಲ್ಲ. ಚಟ್ನಿಪುಡಿ ಹೊತ್ತುಕೊಂಡು ಹೋಗಬೇಕಾ?